ಅಕ್ಕಿ ಡಬ್ಬದ ಮೇಲೆ ಎರಡು ಇಟ್ಟಿಗೆ

ಆ ಮನೆಯ ಉಗ್ರಾಣದಲ್ಲಿ ನಲವತ್ತೊಂದು ವರ್ಷದಿಂದ ಹುಳ ಬಿದ್ದಿರಲಿಲ್ಲ. ಹಾಗೆ ಹೇಳುತ್ತಿದ್ದವರು ಮನೆಯ ಯಜಮಾನಿ ಅತ್ತೆ. ಅಲ್ಲವೆನ್ನಲು ಬೀದಿಯಲ್ಲಿ ಯಾರಿಗೂ ಬಾಯಿ ಬರುತ್ತಿರಲಿಲ್ಲ. ದೇವರಿಗೆ ನಿಜ ಗೊತ್ತಿದ್ದಿರಬಹುದು. ಆದರೆ ಇಂಥ ವಿಷಯಗಳಲ್ಲಿ ಅವನು ಸುಮ್ಮನಿದ್ದು ನೋಡುವುದೇ ಹೆಚ್ಚು.

ಶನಿವಾರ ಬಂತೆಂದರೆ ಅತ್ತೆ ಡಬ್ಬಗಳನ್ನೆಲ್ಲ ಮಾಳಿಗೆಗೆ ಏರಿಸಿ, ತಗಡಿನ ಹಾಳೆಗಳ ಮೇಲೆ ಅಕ್ಕಿ, ಜೋಳ, ಬೇಳೆಗಳನ್ನು ಬೆರಳಿನ ದಪ್ಪಕ್ಕೆ ಹರಡುತ್ತಿದ್ದರು. ಅಂಗೈ ಊರಿದರೆ ಹತ್ತು ಎಣಿಸುವುದರೊಳಗೆ ಎತ್ತಿಕೊಳ್ಳುವಂತಾಗಬೇಕು, ಅಷ್ಟು ಕಾಯಬೇಕು. ಆಮೇಲೆ ಮಗುಚಿ, ಮತ್ತೆ ಕಾಯಿಸಿ, ಜರಡಿ ಹಿಡಿದು, ನೆರಳಲ್ಲಿ ಆರಿಸಿ ಡಬ್ಬಕ್ಕೆ ತುಂಬಬೇಕು. ಬೀದಿಯ ಹೆಂಗಸರೆಲ್ಲ ಈ ಪಾಠವನ್ನು ಅವರಿಂದಲೇ ಕಲಿತಿದ್ದರು. ಯಾರ ಮನೆಗೆ ಹೊಸ ಮೂಟೆ ಬಂದರೂ ಅತ್ತೆಗೆ ಕರೆ ಹೋಗುತ್ತಿತ್ತು. ಅವರು ಹೋಗಿ ಮೊಣಕೈವರೆಗೂ ಮೂಟೆಯೊಳಗೆ ಕೈ ಇಳಿಸಿ, ಕಣ್ಣು ಮುಚ್ಚಿ ಕ್ಷಣ ಹೊತ್ತು ನಿಂತು, “ಒಳಗೆ ಬೆಚ್ಚಗಿದೆ, ಸಂಸಾರ ಹೂಡಿವೆ” ಅಂದರೆಂದರೆ ಆ ಮೂಟೆ ಬಂದ ದಾರಿಯಲ್ಲೇ ಅಂಗಡಿಗೆ ವಾಪಸು ಹೋಗುತ್ತಿತ್ತು.

ಇಂಥ ಮನೆಗೆ ಮಗ ತಂದ ಸೊಸೆ, ಹುಳ ಸಾಕುವುದಕ್ಕೆ ಸಂಬಳ ತೆಗೆದುಕೊಳ್ಳುವವಳು.

ಮಗ ಫ್ಯಾನು, ಮಿಕ್ಸಿ, ಪಂಪು ರಿಪೇರಿ ಮಾಡುವವನು. ಊರಾಚೆಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೂಲರ್ ಕೆಟ್ಟಿದೆಯೆಂದು ಹೋದವನು, ಅಲ್ಲಿ ಕೀಟ ವಿಭಾಗದಲ್ಲಿದ್ದ ಅವಳನ್ನು ಕಂಡು, ಅದೇ ಕೂಲರನ್ನು ಆರು ಸಲ ರಿಪೇರಿ ಮಾಡಿ, ಕೊನೆಗೆ ಮದುವೆಯಾದ. ಆಮೇಲೆ ಏಳು ವರ್ಷ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಹುಳಗಳು ಕೇಂದ್ರದಲ್ಲಿದ್ದವು, ಅಕ್ಕಿ ಮನೆಯಲ್ಲಿತ್ತು. ಸೊಸೆ ಸಂಜೆ ಬಂದವಳು ಕೆಲಸದ ಕೋಟನ್ನು ಹಿತ್ತಲಿನ ಮೊಳೆಗೆ ನೇತುಹಾಕಿ, ಸ್ನಾನ ಮುಗಿಸಿಯೇ ಅಡುಗೆಮನೆಗೆ ಕಾಲಿಡುತ್ತಿದ್ದಳು. ಅತ್ತೆ ಅವಳ ತಲೆಗೂದಲನ್ನೊಮ್ಮೆ ದೂರದಿಂದ ನೋಡಿ, ಏನೂ ಹರಿದಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತಟ್ಟೆ ಇಡುತ್ತಿದ್ದರು.

ಎಂಟನೆಯ ವರ್ಷದ ಬೇಸಿಗೆಗೆ ಕೇಂದ್ರದ ಹುಳ ಸಾಕುವ ಕೋಣೆಯ ಛಾವಣಿ ಬಿರುಕುಬಿಟ್ಟಿತು. ದುರಸ್ತಿಗೆ ಹತ್ತು ವಾರ ಬೇಕು ಎಂದರು. ಅಲ್ಲಿಯತನಕ ಇರಲೆಂದು ಕೊಟ್ಟ ಗೊಬ್ಬರದ ಶೆಡ್ಡಿನಲ್ಲಿ ಇರುವೆ, ಹಲ್ಲಿಗಳದೇ ರಾಜ್ಯ. ಸೊಸೆ ಎರಡು ದಿನ ಅನ್ನ ಕೆದಕುತ್ತಾ ಕೂತು, ಮೂರನೆಯ ದಿನ ಸರಕಿನ ಆಟೋದಲ್ಲಿ ಇಪ್ಪತ್ತನಾಲ್ಕು ಟ್ರೇಗಳನ್ನು ಹೇರಿಕೊಂಡು ಮನೆ ಮುಂದೆ ಇಳಿದಳು. ಪ್ರತಿ ಟ್ರೇಗೂ ತೆಳುಬಟ್ಟೆಯ ಮುಸುಕು. ಮುಸುಕಿನ ಕೆಳಗೆ ನುಚ್ಚು ಜೋಳ. ಜೋಳದ ತುಂಬ ಹುಳ.

ಅತ್ತೆ ಬಾಗಿಲಲ್ಲಿ ನಿಂತು ಒಂದು ಮುಸುಕೆತ್ತಿ ನೋಡಿದರು. ಆ ನೋಟಕ್ಕೆ ಅವರ ನಲವತ್ತೊಂದು ವರ್ಷ ಒಟ್ಟಿಗೆ ಕೂಗಿಕೊಂಡಿರಬೇಕು. ಆದರೂ ಬಾಯಿಂದ ಬಂದಿದ್ದು ಇಷ್ಟೇ, “ಇದನ್ನ ಒಳಗೆ ತರ್ತೀಯಾ?”

ಸೊಸೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದಳು. ಟೊಮೇಟೊ ಕಾಯಿ ಕೊರೆಯುವ ಹುಳದ ತಾಯಿ ಚಿಟ್ಟೆ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಸೂಜಿಮೊನೆಯಷ್ಟೇ ಇರುವ ಒಂದು ಕಡಜವಿದೆ, ಅದು ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಹುಳ ಹುಟ್ಟಬೇಕಾದಲ್ಲಿ ಕಡಜ ಹುಟ್ಟುತ್ತದೆ. ರೈತರು ವಿಷ ಹೊಡೆಯುವುದೇ ಬೇಡ. ಆದರೆ ಬೇಸಿಗೆಯ ಬಿಸಿಲಿಗೆ ಆ ಕಡಜ ಸಾಯುತ್ತದೆ. ನಾಲ್ಕು ವರ್ಷ ಪಾಡುಪಟ್ಟು, ಬಿಸಿ ತಡೆದು ಉಳಿದವುಗಳನ್ನೇ ಆರಿಸಿ ಆರಿಸಿ, ನೂರಕ್ಕೂ ಮೀರಿ ತಲೆಮಾರು ಬೆಳೆಸಿ, ಅವಳು ಒಂದು ಗಟ್ಟಿ ವಂಶ ಮಾಡಿದ್ದಾಳೆ. ಹತ್ತನೆಯ ವಾರಕ್ಕೆ ಮೂವತ್ತೆರಡು ಮಂದಿ ರೈತರ ಹೊಲಕ್ಕೆ ಅವನ್ನು ಬಿಡಬೇಕು. ಅವಳ ಮಾತು ನಂಬಿ ಅವರು ಈ ಸಲ ಔಷಧಿಯನ್ನೇ ಕೊಂಡಿಲ್ಲ. ಅಲ್ಲಿಯವರೆಗೆ ಕಡಜ ಬದುಕಬೇಕಾದರೆ ಅದಕ್ಕೆ ಮೊಟ್ಟೆ ಇಡಲು ತಾಜಾ ಚಿಟ್ಟೆಮೊಟ್ಟೆ ಸಿಗುತ್ತಲೇ ಇರಬೇಕು. ಅದಕ್ಕೇ ಈ ಟ್ರೇಗಳ ಹುಳ. ಬೆಳೆದರೆ ಅವೇ ಚಿಟ್ಟೆ, ಅಕ್ಕಿ ಚಿಟ್ಟೆ. ಒಂದು ಸರದಿ ತಪ್ಪಿದರೂ ವಂಶ ಅಲ್ಲಿಗೇ ನಿಂತುಹೋಗುತ್ತದೆ.

ಅತ್ತೆ, “ಅಂದ್ರೆ ಹುಳ ಕೊಲ್ಲೋಕೆ ಒಂದು ಹುಳ. ಅದಕ್ಕೆ ಊಟ ಹಾಕೋಕೆ ಇನ್ನೊಂದು ಹುಳ. ಆ ಇನ್ನೊಂದಕ್ಕೆ ಊಟ ಹಾಕೋಕೆ ನಮ್ಮನೆ” ಎಂದರು.

“ಹೌದು ಅತ್ತೆ.”

“ಓದಿದವರು ಸುತ್ತು ದಾರಿ ಹಿಡಿಯೋದು ಜಾಸ್ತಿ.”

ಆದರೂ ಒಪ್ಪಿದರು. ನಾಲ್ಕು ವರ್ಷ ಯಾವುದನ್ನೇ ಆಗಲಿ ಕೈಯಾರೆ ಬೆಳೆಸಿದವಳ ಮುಖ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು. ಷರತ್ತುಗಳನ್ನು ಮಾತ್ರ ಬೆರಳು ಮಡಚಿ ಹೇಳಿದರು. ಹಿಂದಿನ ಕೋಣೆ ದಾಟಿ ಒಂದು ಟ್ರೇ ಈಚೆ ಬರಕೂಡದು. ಬಾಗಿಲಿನ ಸಂದಿಗೆ ಒದ್ದೆ ಬಟ್ಟೆ ಇಡಬೇಕು. ತಮ್ಮ ಜರಡಿ, ಮೊರ, ಬಟ್ಟಲು ಯಾವುದನ್ನೂ ಮುಟ್ಟಕೂಡದು. ಎಲ್ಲಕ್ಕಿಂತ ಮುಖ್ಯ, ಟಪಾಲಿಗೆ ಗೊತ್ತಾಗಕೂಡದು.

ಟಪಾಲು ಎಂದರೆ ಅತ್ತೆಯ ಓರಗಿತ್ತಿ, ಮೈದುನನ ಹೆಂಡತಿ. ಎರಡು ಮನೆ ಆಚೆ ವಾಸ. ಯಾವ ಸುದ್ದಿಯೂ ಅವಳ ಕೈಯಲ್ಲಿ ಒಂದು ಹೊತ್ತಿಗಿಂತ ಹೆಚ್ಚು ತಂಗದ ಕಾರಣ ಬೀದಿ ಅವಳಿಗೆ ಆ ಹೆಸರಿಟ್ಟಿತ್ತು. ಧಾನ್ಯ ಕಾಯಿಸುವುದರಲ್ಲಿ ಅತ್ತೆಯ ಮೊದಲ ಶಿಷ್ಯೆ ಅವಳೇ. ಗುರುವಿನ ಡಬ್ಬದಲ್ಲಿ ಒಂದೇ ಒಂದು ಹುಳ ಸಿಕ್ಕರೆ ಸಾಕು ಎಂದು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದವಳೂ ಅವಳೇ.

ಮೊದಲೆರಡು ವಾರ ಮನೆ ಹೊಸ ಸಂಸಾರಕ್ಕೆ ಹೊಂದಿಕೊಂಡಿತು. ಸೊಸೆ ಬೆಳಗ್ಗೆ ಐದಕ್ಕೆ ಎದ್ದು ಟ್ರೇಗಳ ಮೇಲೆದ್ದ ಚಿಟ್ಟೆಗಳನ್ನು ಗಾಜಿನ ಕೊಳವೆಯಿಂದ ಒಂದೊಂದಾಗಿ ಹಿಡಿದು, ಜಾಲರಿ ತಳದ ಡ್ರಮ್ಮಿಗೆ ಬಿಡುತ್ತಿದ್ದಳು. ಚಿಟ್ಟೆಗಳಿಟ್ಟ ಮೊಟ್ಟೆ ಜಾಲರಿಯ ಕಣ್ಣುಗಳಿಂದ ಕೆಳಗಿನ ಕಾಗದಕ್ಕೆ ಉದುರುತ್ತಿದ್ದವು. ಅವನ್ನು ಕುಂಚದಿಂದ ಗುಡಿಸಿ, ಗೋಂದು ಹಚ್ಚಿದ ಕಾರ್ಡಿನ ಮೇಲೆ ಉದುರಿಸಿ, ಕಡಜಗಳಿದ್ದ ಸೀಸೆಯೊಳಗೆ ಇಟ್ಟರೆ ನಾಲ್ಕು ದಿನಕ್ಕೆ ಮೊಟ್ಟೆ ಕಪ್ಪಾಗುತ್ತಿದ್ದವು. ಕಪ್ಪಾದವೆಂದರೆ ಒಳಗೆ ಕಡಜ ಕೂತಿತೆಂದು ಅರ್ಥ. ಆ ಸೀಸೆಗಳನ್ನು ಮಾತ್ರ ಅವಳು ತನ್ನ ಮಲಗುವ ಕೋಣೆಯ ಬೀರುವಿನಲ್ಲಿಟ್ಟಿದ್ದಳು. ಹೆಂಡತಿಯ ಬಟ್ಟೆಗಿರುವುದಕ್ಕಿಂತ ಹೆಚ್ಚು ಜಾಗ ಕಡಜಕ್ಕಿದೆಯೆಂದು ಮಗ ಗೊಣಗಿದ. ಅವನ ಬಟ್ಟೆಗಳು ಕುರ್ಚಿಗೆ ಬಂದಿದ್ದವು.

ಮಾವ ನಿವೃತ್ತ ಬಸ್ ಕಂಡಕ್ಟರು. ಮೂವತ್ತು ವರ್ಷ ಜನ ಎಣಿಸಿದ ಕಣ್ಣಿಗೆ ಮನೆಯಲ್ಲಿ ಎಣಿಸಲು ಮೂರೇ ತಲೆ ಇದ್ದುದು ಅವರ ದೊಡ್ಡ ಕೊರಗು. ಚಿಟ್ಟೆ ಬಂದ ಮೇಲೆ ಅವರಿಗೆ ಜೀವ ಬಂತು. ಸೊಸೆ ಹಿಡಿದಂತೆಲ್ಲ ಎಣಿಸಿ ಪಟ್ಟಿ ಬರೆದರು. ಡ್ರಮ್ಮು ತುಂಬಿದಾಗ ಅಭ್ಯಾಸಬಲದಿಂದ “ರೈಟ್” ಎಂದರು. ಕಾರ್ಡುಗಳನ್ನು ಗಿಡಕ್ಕೆ ಕಟ್ಟಲು ಮೂಲೆಯಲ್ಲೊಂದು ತೂತು ಬೇಕೆಂದು ತಿಳಿದದ್ದೇ, ಪೆಟ್ಟಿಗೆಯ ತಳದಿಂದ ಹಳೆಯ ಟಿಕೆಟ್ ಪಂಚು ತೆಗೆದು, ಎಣ್ಣೆ ಬಿಟ್ಟು, ದಿನವೂ ಊಟದ ನಂತರ ಕಟಕಟ ಎನ್ನಿಸತೊಡಗಿದರು.

ತಪ್ಪು ಮಾಡಿದವನು ಮಗ. ಮೊದಲ ವಾರವೇ ಡ್ರಮ್ಮಿನ ಜಾಲರಿ ಹರಿದಿತ್ತು. ಹೊಸದು ತರುವವರೆಗೆ ಎರಡು ದಿನ ಇರಲೆಂದು, ಅಮ್ಮ ಸಂತೆಗೆ ಹೋದಾಗ, ಅವರ ಸಣ್ಣ ಕಣ್ಣಿನ ಜರಡಿಯನ್ನು ಕದ್ದು ಡ್ರಮ್ಮಿನ ತಳಕ್ಕೆ ಕಟ್ಟಿದ. ಮೂರನೆಯ ದಿನ ಬಿಚ್ಚಿ, ಎರಡು ಸಲ ಗೋಡೆಗೆ ಬಡಿದು, ಮೊಳೆಗೆ ತೂಗುಹಾಕಿದ. ಜರಡಿಯ ತಂತಿಗೆ ಅಂಟಿಕೊಂಡ ಮೊಟ್ಟೆ ಕಣ್ಣಿಗೆ ಕಾಣುವಂಥದ್ದಲ್ಲ. ಆ ಶನಿವಾರ ಅತ್ತೆ ಬಿಸಿಲಲ್ಲಿ ಕಾಯಿಸಿ ಶುದ್ಧವಾಗಿದ್ದ ಅಕ್ಕಿಯನ್ನು, ಎಂದಿನ ಭಕ್ತಿಯಿಂದ, ಅದೇ ಜರಡಿ ಹಿಡಿದು ಡಬ್ಬಕ್ಕೆ ತುಂಬಿದರು. ಮಿಕ್ಕದ್ದನ್ನೆಲ್ಲ ಪ್ರಕೃತಿ ತನ್ನಷ್ಟಕ್ಕೆ ತಾನು ಮಾಡಿಕೊಂಡಿತು. ನಡುವಿನ ಎರಡು ಶನಿವಾರ ಮೋಡ ಮುಸುಕಿ, ಅಕ್ಕಿ ಬಿಸಿಲು ಕಾಣಲಿಲ್ಲ.

ನಾಲ್ಕನೆಯ ವಾರ ಒಂದು ಬೆಳಗ್ಗೆ ಅತ್ತೆ ಅಕ್ಕಿ ತೆಗೆಯಲು ಕೈ ಇಳಿಸಿದವರು ಹಾಗೆಯೇ ನಿಂತರು. ಒಳಗೆ ಬೆಚ್ಚಗಿತ್ತು.

ಕೈ ಹೊರತೆಗೆದರೆ ಬೆರಳಿಗೆ ನೂಲು ಸುತ್ತಿದಂತೆ ಬಲೆ, ಬಲೆಗೆ ಅಂಟಿ ಗಂಟುಗಂಟಾದ ಅಕ್ಕಿ. ಗಂಟೊಂದು ನಿಧಾನ ಹೊರಳಿತು.

ಅತ್ತೆ ಉಗ್ರಾಣದ ಬಾಗಿಲು ಒಳಗಿನಿಂದ ಹಾಕಿಕೊಂಡರು. ದೇವರನ್ನು ಒಂದೆರಡು ಪ್ರಶ್ನೆ ಕೇಳಿದರು. ಮಾಳಿಗೆಗೆ ಒಯ್ದು ಕಾಯಿಸೋಣವೆಂದರೆ ಟಪಾಲಿನ ಮಾಳಿಗೆಯಿಂದ ಇವರ ತಗಡು ಅಂಗೈಯಷ್ಟು ಸ್ಪಷ್ಟ ಕಾಣುತ್ತದೆ. ಚೆಲ್ಲೋಣವೆಂದರೆ ಬೀದಿಯ ತೊಟ್ಟಿಗೆ ಬಿದ್ದ ಅಕ್ಕಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಸೊಸೆಗೆ ಹೇಳೋಣವೆಂದರೆ, “ನಿನ್ನ ಹುಳ ನನ್ನ ಡಬ್ಬಕ್ಕೆ ಬಂತು” ಎಂದ ಮರುಕ್ಷಣ ಅವಳು ಟ್ರೇಗಳನ್ನೆತ್ತಿಕೊಂಡು ಗೊಬ್ಬರದ ಶೆಡ್ಡಿಗೆ ಹೋಗುವವಳು. ಅಲ್ಲಿ ಇರುವೆ ಕಾದಿದೆ. ಕೊನೆಗೆ ಡಬ್ಬದ ಬಾಯಿಗೆ ಬಟ್ಟೆ ಬಿಗಿದು, ಮುಚ್ಚಳ ಹಾಕಿ, ಮೇಲೆ ಎರಡು ಇಟ್ಟಿಗೆ ಹೇರಿ, ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸತ್ತರೆ ಉಸಿರುಕಟ್ಟಿ ಸಾಯಲಿ ಎಂಬುದು ಅವರ ಯೋಜನೆ.

ಆ ದಿನದಿಂದ ಮನೆಯಲ್ಲಿ ಅನ್ನ ನಿಂತಿತು.

ಮೂರು ಹೊತ್ತೂ ರೊಟ್ಟಿ. ಮೊದಲ ದಿನ ಯಾರೂ ಗಮನಿಸಲಿಲ್ಲ. ನಾಲ್ಕನೆಯ ದಿನ ಮಗ ತಟ್ಟೆ ನೋಡಿ ಅಮ್ಮನ ಮುಖ ನೋಡಿದ. ಒಂದು ವಾರವಾದ ಮೇಲೆ ಮಾವ, ಅನ್ನದ ಬಸ್ಸು ಕೆಟ್ಟು ನಿಂತಿದೆಯೋ ಅಥವಾ ಈ ದಾರಿಯಲ್ಲಿ ರದ್ದೇ ಆಗಿದೆಯೋ ಎಂದು ವಿಚಾರಿಸಿದರು.

“ನಿಮ್ಮ ಮೊಣಕಾಲಿಗೆ ಅನ್ನ ಆಗಲ್ವಂತೆ” ಎಂದರು ಅತ್ತೆ.

“ಯಾರಂದ್ರು?”

“ಡಾಕ್ಟ್ರು.”

“ನಾನು ಡಾಕ್ಟ್ರ ಹತ್ರ ಹೋಗಿ ಎರಡು ವರ್ಷ ಆಯ್ತಲ್ಲೇ.”

“ಆವಾಗಲೇ ಅಂದಿದ್ರು. ನನಗೆ ಈಗ ನೆನಪಾಯ್ತು.”

ಅಪ್ಪನ ಮೊಣಕಾಲಿಗೋಸ್ಕರ ತಾನೇಕೆ ರೊಟ್ಟಿ ಜಗಿಯಬೇಕೆಂದು ಮಗ ಕೇಳಿದ್ದಕ್ಕೆ, ವಂಶದಲ್ಲಿ ಇಳಿದು ಬರುವ ಮೊಣಕಾಲದು ಎಂದು ಉತ್ತರ ಬಂತು. ಸೊಸೆಗೆ ಮಾತ್ರ ಇದ್ಯಾವುದೂ ತಲೆಗೆ ಹೋಗುತ್ತಿರಲಿಲ್ಲ. ಅವಳು ಏನು ಹಾಕಿದರೆ ಅದನ್ನು ತಿಂದು, ಬೀರುವಿನ ಮುಂದೆ ಭೂತಗನ್ನಡಿ ಹಿಡಿದು ಕೂರುತ್ತಿದ್ದಳು.

ಹೀಗೆ ಮೂರು ವಾರ ಕಳೆದವು. ಅತ್ತೆ ದಿನಕ್ಕೊಂದು ಸಲ ಉಗ್ರಾಣಕ್ಕೆ ಹೋಗಿ ಡಬ್ಬಕ್ಕೆ ಕಿವಿಗೊಟ್ಟು ಬರುತ್ತಿದ್ದರು. ಒಳಗಿನವು ಸಾಯುವ ಲಕ್ಷಣ ತೋರಲಿಲ್ಲ; ಏಳನೆಯ ವಾರಕ್ಕೆ ರೆಕ್ಕೆಯ ಪಟಪಟ ಸದ್ದು ಬೇರೆ ಶುರುವಾಯಿತು.

ಆ ವಾರ ಸೊಸೆ ರೈತರಿಗೆ ಕಾರ್ಡು ಕಟ್ಟುವ ಕ್ರಮ ತೋರಿಸಲು ಎರಡು ದಿನದ ಮಟ್ಟಿಗೆ ಹಳ್ಳಿಗಳಿಗೆ ಹೋದಳು. ಬೆಳಗ್ಗೆ ಚಿಟ್ಟೆ ಹಿಡಿದು, ಮೊಟ್ಟೆ ಇಡಲು ಡ್ರಮ್ಮಿಗೆ ಬಿಡುವ ಕೆಲಸ ಗಂಡನ ಪಾಲಿಗೆ ಬಂತು. ಅವನು ಮೊದಲ ದಿನ ಹಿಡಿದ. ಎರಡನೆಯ ದಿನ ಬೆಳಗಿನ ಜಾವವೇ ಯಾರದೋ ಬಾವಿಯ ಪಂಪು ಕೆಟ್ಟು, ಮಧ್ಯಾಹ್ನ ಬಂದು ಹಿಡಿಯುತ್ತೇನೆಂದು ಅಪ್ಪನಿಗೆ ಹೇಳಿ ಹೋದ. ಅತ್ತೆ ಮನೆಯಲ್ಲಿರಲಿಲ್ಲ. ಮೂರು ವಾರದ ರೊಟ್ಟಿಗೆ ಹಿಟ್ಟೆಲ್ಲ ಖಾಲಿಯಾಗಿ, ಅವರು ಗಿರಣಿಯಲ್ಲಿ ಸರದಿ ಹಿಡಿದು ನಿಂತಿದ್ದರು. ಮಾವ ಮುಂದಿನ ಜಗಲಿಯಲ್ಲಿ ಮುಖದ ಮೇಲೆ ಪತ್ರಿಕೆ ಹೊದ್ದು, ಮನೆ ಕಾಯುತ್ತಾ ಗೊರಕೆ ಹೊಡೆಯುತ್ತಿದ್ದರು.

ಟಪಾಲು ಬಂದದ್ದು ಮೊರ ಕೇಳಲು. ಕೂಗಿದರೆ ಯಾರೂ ಓಗೊಡಲಿಲ್ಲ. ಹಿತ್ತಲಿಗೆ ಬಂದವಳು ಹಿಂದಿನ ಕೋಣೆಯ ಬಾಗಿಲ ಬುಡದಲ್ಲಿದ್ದ ಒದ್ದೆ ಬಟ್ಟೆ ಕಂಡು, ನೀರು ಸೋರಿತೇನೋ ಎಂದು ತಳ್ಳಿ ನೋಡಿದಳು.

ಇಪ್ಪತ್ತು ವರ್ಷ ಕಾದ ಗಳಿಗೆ ಅದು. ಒಂದಲ್ಲ, ಇಪ್ಪತ್ತನಾಲ್ಕು ಟ್ರೇ ತುಂಬ ಹುಳ. ಬೇರೆ ಯಾವ ದಿನವಾಗಿದ್ದರೂ ಅವಳು ಬೀದಿಯ ತುದಿವರೆಗೆ ಓಡಿರುತ್ತಿದ್ದಳು. ಆದರೆ ಮನುಷ್ಯರ ಮನಸ್ಸನ್ನು ಭಗವಂತ ಯಾವ ಹೊತ್ತಿನಲ್ಲಿ ಯಾವ ಕಡೆ ತಿರುಗಿಸುತ್ತಾನೋ ಹೇಳಲಾಗದು. ಅಷ್ಟೂ ಹುಳವನ್ನು ಕಂಡು ಅವಳಿಗೆ ನಗು ಬರಲಿಲ್ಲ, ದುಃಖ ಬಂತು. ಅಕ್ಕನಿಗೆ ವಯಸ್ಸಾಯಿತು, ಕಣ್ಣು ಮಂದವಾಯಿತು, ಯಾರಿಗೂ ಹೇಳಲಾರದೆ ಹಾಳಾದ ಧಾನ್ಯವನ್ನೆಲ್ಲ ಇಲ್ಲಿ ಮುಚ್ಚಿಟ್ಟುಕೊಂಡು ಕೊರಗುತ್ತಿದ್ದಾರೆ ಎಂದುಕೊಂಡಳು. ಮುಂದಿನದಕ್ಕೆ ಅವಳಿಗೆ ಯೋಚನೆಯೇ ಬೇಕಾಗಲಿಲ್ಲ. ತೋಳು ಮೇಲೇರಿಸಿ, ಒಂದೊಂದೇ ಟ್ರೇಯನ್ನು ಮಾಳಿಗೆಗೆ ಹೊತ್ತು, ತಗಡಿನ ಮೇಲೆ ಬೆರಳಿನ ದಪ್ಪಕ್ಕೆ ಹರಡಿ, ಹತ್ತು ಎಣಿಸುವುದರೊಳಗೆ ಕೈ ಎತ್ತಿಕೊಳ್ಳುವಷ್ಟು ಕಾಯಿಸಿ, ಮಗುಚಿ, ಮತ್ತೆ ಕಾಯಿಸಿ, ಜರಡಿ ಹಿಡಿದಳು. ಚಿಟ್ಟೆಗಳು ಹಾರಿಹೋದವು. ಹುಳಗಳನ್ನು ತನ್ನ ಕೋಳಿಗಳಿಗೆ ಹಾಕಿದಳು. ಟ್ರೇಗಳನ್ನು ಸೋಪಿನ ನೀರಲ್ಲಿ ತೊಳೆದು ಸಾಲಾಗಿ ಬೋರಲು ಹಾಕಿದಳು. ಕೋಣೆ ಗುಡಿಸಿ, ಮೂಲೆಯ ಡ್ರಮ್ಮಿನಲ್ಲಿದ್ದ ನಿನ್ನೆಯ ಚಿಟ್ಟೆಗಳನ್ನೂ ಕೆಳಗಿನ ಕಾಗದದ ಮೇಲೆ ಬಿದ್ದ ಮೊಟ್ಟೆಗಳನ್ನೂ ಕೊಡವಿದಳು. ಅತ್ತೆ ಕಲಿಸಿದ ಪಾಠವನ್ನು ಯಾವ ಶಿಷ್ಯೆಯೂ ಅಷ್ಟು ಚೆನ್ನಾಗಿ ಒಪ್ಪಿಸಿರಲಿಲ್ಲ.

ಹಿಟ್ಟಿನ ಚೀಲ ಹೊತ್ತು ಅತ್ತೆ, ಚೀಲ ನೇತುಹಾಕಿಕೊಂಡು ಸೊಸೆ, ಟೂಲ್ ಬ್ಯಾಗಿನೊಂದಿಗೆ ಮಗ, ಮೂವರೂ ಹತ್ತು ನಿಮಿಷದ ಅಂತರದಲ್ಲಿ ಮನೆ ಸೇರಿದರು. ಹಿತ್ತಲಿನಲ್ಲಿ ಟಪಾಲು ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಅವಳ ಮುಖದಲ್ಲಿ ಪುಣ್ಯ ಕಟ್ಟಿಕೊಂಡವರ ಶಾಂತಿಯಿತ್ತು.

“ಯಾರಿಗೂ ಹೇಳಿಲ್ಲ ಅಕ್ಕ” ಎಂದಳು. “ಜೀವ ಹೋದ್ರೂ ಹೇಳಲ್ಲ.”

ಸೊಸೆ ತೊಳೆದ ಟ್ರೇಗಳನ್ನು ನೋಡಿದಳು. ಕೋಣೆಯೊಳಗೆ ಹೋದಳು, ಹೊರಗೆ ಬಂದಳು. ಮಾಳಿಗೆಗೆ ಹತ್ತಿದಳು, ಇಳಿದಳು. ಬೀರು ತೆರೆದು ಸೀಸೆಗಳನ್ನು ನೋಡಿದಳು. ಅವು ಇದ್ದ ಹಾಗೇ ಇದ್ದವು. ಆಮೇಲೆ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದಳು, ಮತ್ತೆ ಹಾಕಿಕೊಂಡಳು.

ನಾಳೆ ಬೆಳಗ್ಗೆ ಸೀಸೆಯ ಕಡಜಗಳು ಹೊರಬರುತ್ತವೆ ಎಂದು ಅವಳು ತಣ್ಣಗೆ ಹೇಳಿದಳು. ಫ್ರಿಜ್ಜಿನಲ್ಲಿಟ್ಟು ತಡೆಯುವ ಹಂತ ದಾಟಿಹೋಗಿದೆ. ಈ ಸೆಕೆಗೆ ಎರಡು ದಿನ, ಹೆಚ್ಚೆಂದರೆ ಮೂರು ದಿನ ಬದುಕುತ್ತವೆ. ಅಷ್ಟರೊಳಗೆ ಮೊಟ್ಟೆ ಇಡಲು ಚಿಟ್ಟೆಮೊಟ್ಟೆ ಸಿಗದಿದ್ದರೆ ಮುಗಿಯಿತು. ಕೇಂದ್ರದ ಹಿರಿಯರಿಗೆ ಫೋನು ಮಾಡಿದಳು. ಅಕ್ಕಿ ಚಿಟ್ಟೆ ಸಾಕುವ ಇನ್ನೊಂದು ಕೇಂದ್ರ ಇರುವುದು ಹೋಗಿಬರಲು ನಾಲ್ಕು ದಿನದ ದಾರಿ. ಅವರು ಸಮಾಧಾನ ಹೇಳಿ, ಒಂದು ವರದಿ ಬರೆದುಕೊಡು, ಮುಂದಿನ ವರ್ಷ ಮೊದಲಿನಿಂದ ಶುರು ಮಾಡೋಣ, ರೈತರಿಗೆ ಔಷಧಿ ಕೊಳ್ಳಲು ಹೇಳಿಬಿಡು ಎಂದರು.

ಆಗ ಮನೆಯಲ್ಲಿ ಮಾತಿನ ಮಳೆ ಸುರಿಯಿತು. ಮಗ ಅಪ್ಪನ ನಿದ್ದೆಯನ್ನು ಬೈದ. ಅಪ್ಪ ಮಗನ ಪಂಪನ್ನು ಬೈದರು. ಇಬ್ಬರೂ ಸೇರಿ ಟಪಾಲಿನ ಕಡೆ ತಿರುಗುವಷ್ಟರಲ್ಲಿ ಅವಳಿಗೆ ತಾನು ಮಾಡಿದ್ದೇನೆಂದು ಅರ್ಥವಾಗಿ, ಗೋಡೆಗೊರಗಿ ಕುಸಿದಳು. ನಾಲ್ಕು ವರ್ಷದ ಕೂಸನ್ನು ಕೋಳಿಗೆ ಹಾಕಿಬಿಟ್ಟೆನಲ್ಲಾ ಎಂದು ಅಳತೊಡಗಿದಳು. ಇದು ಸರಿಹೋಗುವ ತನಕ ಈ ಮನೆ ಬಿಟ್ಟು ಕದಲುವುದಿಲ್ಲ ಎಂದೂ ಶಪಥ ಮಾಡಿದಳು. ಅವಳ ಅಳುವಿಗಿಂತ ಆ ಶಪಥ ಅತ್ತೆಯನ್ನು ಹೆಚ್ಚು ಕಂಗೆಡಿಸಿತು.

ಅತ್ತೆ ಅಡುಗೆಮನೆಗೆ ಹೋಗಿ ಹಿಟ್ಟು ಕಲಸಿದರು. ಕಲಸಿದ್ದನ್ನೇ ಮತ್ತೆ ಕಲಸಿದರು. ಟೀ ಮಾಡಿ ತಂದು ಟಪಾಲಿಗೆ ಕೊಟ್ಟು, ಮನೆಗೆ ಹೋಗು, ಗಂಡ ಕಾಯುತ್ತಿರುತ್ತಾನೆ ಎಂದರು. ಅವಳು ಲೋಟ ಹಿಡಿದುಕೊಂಡು ಅಲ್ಲಾಡಲಿಲ್ಲ. ಬಿಸಿಲು ಹಿತ್ತಲ ಗೋಡೆಯ ಮೇಲೆ ಏರುತ್ತಾ ಏರುತ್ತಾ ತುದಿಗೆ ಹೋಯಿತು.

“ಆ ಚಿಟ್ಟೆ ಮೊಟ್ಟೆ ಇಡೋದು ಯಾವ ಹೊತ್ತಲ್ಲಿ?” ಎಂದು ಅತ್ತೆ ಕೇಳಿದರು.

“ಕತ್ತಲಾದ ಮೇಲೆ” ಎಂದಳು ಸೊಸೆ.

“ಎಷ್ಟು ಚಿಟ್ಟೆ ಇದ್ರೆ ಸಾಕು?”

“ಐವತ್ತಿದ್ರೂ ವಂಶ ಉಳೀತಿತ್ತು ಅತ್ತೆ. ಈಗ ಒಂದೂ ಇಲ್ಲವಲ್ಲ.”

ಅತ್ತೆ ಸೊಸೆಯ ಮುಖ ನೋಡಿದರು. ಟಪಾಲಿನ ಮುಖ ನೋಡಿದರು. ಟಪಾಲು ಮೂಗು ಒರೆಸಿಕೊಂಡಳು. ಎದ್ದು ಹೋಗುವ ಯಾವ ಸೂಚನೆಯೂ ಇರಲಿಲ್ಲ. ಅತ್ತೆ ಸೊಂಟದ ಕೀಲಿ ತೆಗೆದು, ಎಲ್ಲರ ಮುಂದೆಯೇ ಹೋಗಿ ಉಗ್ರಾಣದ ಬೀಗ ತೆರೆದರು. ಇಟ್ಟಿಗೆಗಳನ್ನು ಒಂದಾದ ಮೇಲೊಂದು ಇಳಿಸಿದರು. ಮುಚ್ಚಳ ತೆಗೆದರು. ಬಿಗಿದ ಬಟ್ಟೆಯ ಕೆಳಗೆ, ಮಳೆ ಹನಿ ಬಿದ್ದಂತೆ, ನೂರಾರು ರೆಕ್ಕೆಗಳು ಬಡಿದುಕೊಳ್ಳುತ್ತಿದ್ದವು.

“ಇದು ನನ್ನ ಅಕ್ಕಿ” ಎಂದರು ಅತ್ತೆ. “ನನ್ನ ಡಬ್ಬ. ಇದರಲ್ಲಿ ಹುಳ ಬಿದ್ದು ಮೂರು ವಾರ ಆಯ್ತು. ತಗೋ.”

ಮೊದಲು ಬಾಯಿಬಿಟ್ಟವರು ಮಾವ.

“ಹಾಗಾದ್ರೆ ನನ್ನ ಮೊಣಕಾಲು ಚೆನ್ನಾಗೇ ಇದೆ” ಎಂದರು.

ಸೊಸೆ ಮೊಣಕಾಲೂರಿ ಕೂತು ಬಟ್ಟೆಯ ಅಂಚನ್ನು ಅಷ್ಟೇ ಎತ್ತಿ ಭೂತಗನ್ನಡಿ ಹಿಡಿದಳು. ಬೂದು ಬಣ್ಣದ, ಕಾಳಿನಷ್ಟುದ್ದದ, ತುಂಬು ಆರೋಗ್ಯದ ಅಕ್ಕಿ ಚಿಟ್ಟೆಗಳು. ಅವಳೇ ಸಾಕಿದ್ದವುಗಳ ಮಕ್ಕಳು. ಅವಳು ಸಾಕಿದ್ದಕ್ಕಿಂತ ಚೆನ್ನಾಗಿ ಬೆಳೆದಿದ್ದವು. “ಅತ್ತೆ, ಇವು ಬಹಳ ಚೆನ್ನಾಗಿವೆ” ಎಂದಳು. ಅತ್ತೆಗೆ ಆ ಹೊಗಳಿಕೆಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

“ಒಳ್ಳೆ ಅಕ್ಕಿ ಕಣೇ ಅದು” ಎಂದರು. “ಹಳೇದು. ಕಲ್ಲಿಲ್ಲ, ನುಚ್ಚಿಲ್ಲ.”

ಜರಡಿ ಡ್ರಮ್ಮಿಗೆ ಹೋಗಿದ್ದ ಕಥೆಯನ್ನು ಮಗ ಆಗ ಒಪ್ಪಿಕೊಂಡ. ಬೈಯಲು ಯಾರಿಗೂ ಪುರುಸೊತ್ತಿರಲಿಲ್ಲ. ಎಲ್ಲರೂ ಡಬ್ಬದ ಸುತ್ತ ಕೂತರು. ಸೊಸೆ ಕೊಳವೆ ಹಿಡಿದಳು, ಮಗ ದೀಪ ಹಿಡಿದ, ಅತ್ತೆ ಬಟ್ಟೆಯನ್ನು ಇಂಚಿಂಚು ಸರಿಸಿದರು. ಟಪಾಲು ಲೋಟ ಕೆಳಗಿಟ್ಟು ಬಂದಳು. ಬರಿಗೈಯಲ್ಲಿ ಚಿಟ್ಟೆಯ ರೆಕ್ಕೆಗೆ ನೋವಾಗದಂತೆ ಹಿಡಿಯುವುದು ಅವಳಿಗೆ ಹುಟ್ಟಾ ಬಂದಂತಿತ್ತು. ಕೊಳವೆಗಿಂತ ಜೋರಾಗಿ ಕೆಲಸ ಸಾಗಿತು. ಮಾವ ಎಣಿಸಿದರು. ನೂರ ಎಂಬತ್ತಾರು. “ಇನ್ನೂ ಹತ್ತು ಜನಕ್ಕೆ ನಿಲ್ಲೋ ಜಾಗ ಇದೆ” ಎಂದು ಡ್ರಮ್ಮಿನೊಳಗೆ ಇಣುಕಿ ನೋಡಿ, ಎಲ್ಲರೂ ಕೂತ ಮೇಲೆ, ನಿಧಾನವಾಗಿ, “ರೈಟ್” ಎಂದರು.

ಕತ್ತಲು ಕವಿಯುವ ಮುನ್ನ ಟಪಾಲು ಎದ್ದು ಹೊರಟಳು. ಅತ್ತೆ ಬಾಗಿಲವರೆಗೆ ಹೋದರು. ಅವರು ಏನೂ ಕೇಳಿಕೊಳ್ಳಲಿಲ್ಲ. ನಾಳೆ ಬೀದಿ ಏನನ್ನುತ್ತದೆಯೋ ಅನ್ನಲಿ ಎಂದು ಆಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು.

ಕಾಲು ಗಂಟೆಯಲ್ಲಿ ಟಪಾಲು ವಾಪಸು ಬಂದಳು. ಸೆರಗಿನ ಕೆಳಗೆ ಏನೋ ಬಚ್ಚಿಟ್ಟುಕೊಂಡಿದ್ದಳು. ಅತ್ತೆಯ ಮುಂದಿಟ್ಟಳು. ಒಂದು ಡಬ್ಬ.

“ನಂದು ಎರಡು ವರ್ಷದ್ದು ಅಕ್ಕ” ಎಂದಳು, ನೆಲ ನೋಡುತ್ತಾ. “ಎಷ್ಟು ಕಾಯಿಸಿದ್ರೂ ಹೋಗ್ತಿಲ್ಲ. ನಿಮ್ಮ ಮುಂದೆ ಹೆಂಗೆ ಹೇಳೋದು ಅಂತ ಸುಮ್ಮನಿದ್ದೆ.”

ಅತ್ತೆ ಮುಚ್ಚಳ ತೆಗೆದು ಕೈ ಇಳಿಸಿ, ಕಣ್ಣು ಮುಚ್ಚಿದರು. “ಬೆಚ್ಚಗಿದೆ” ಎಂದರು. ಬಹಳ ದಿನಗಳ ನಂತರ ಇಬ್ಬರು ಓರಗಿತ್ತಿಯರೂ ಒಟ್ಟಿಗೆ ನಕ್ಕರು.

ಮರುದಿನ ಬೆಳಗ್ಗೆ ಜಾಲರಿಯ ಕೆಳಗಿನ ಕಾಗದದ ಮೇಲೆ ಮುತ್ತಿನ ಪುಡಿಯಂತೆ ಮೊಟ್ಟೆ ಬಿದ್ದಿದ್ದವು. ಸೀಸೆಯೊಳಗೆ ಕಡಜಗಳು ಹೊರಬಂದು, ಹೊಸ ಕಾರ್ಡಿನ ಮೇಲೆ ಓಡಾಡಲು ಶುರುಮಾಡಿದವು. ಸೊಸೆ ಅವನ್ನು ನೋಡುತ್ತಾ ಕೂತಿದ್ದಾಗಲೇ ಮುಂಬಾಗಿಲು ಬಡಿದ ಸದ್ದಾಯಿತು. ಟಪಾಲು ತನ್ನ ಹೆಸರಿಗೆ ತಕ್ಕಂತೆ ನಡೆದುಕೊಂಡಿದ್ದಳು. ಬೀದಿಯ ಹೆಂಗಸರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಮುಸುಕು ಹಾಕಿದ ಒಂದೊಂದು ಡಬ್ಬ.

ಸೊಸೆ ಒಂದೊಂದನ್ನೇ ತೆರೆದು ನೋಡಿದಳು. ಹೆಚ್ಚಿನವುಗಳಲ್ಲಿ ಇದ್ದುದು ಉದ್ದ ಮೂತಿಯ ಕಪ್ಪು ಹುಳ. ಅದು ಅವಳ ಕೆಲಸಕ್ಕೆ ಬಾರದು. ಹಾಗೆಂದು ಹೇಳಿದರೆ ದರ್ಜಿಯ ಹೆಂಡತಿಗೆ ಅವಮಾನವಾಯಿತು. ಅವರ ಮನೆ ಹುಳ ಆಗುತ್ತದೆ, ನಮ್ಮ ಮನೆ ಹುಳ ಏಕಾಗದು, ನಮ್ಮದೇನು ಕಡಿಮೆ ಅಕ್ಕಿ ತಿಂದಿದೆಯೇ ಎಂದು ಜಗಳಕ್ಕೆ ನಿಂತಳು. ಅತ್ತೆ ಮಧ್ಯೆ ಬಂದು, ಅದೂ ಒಳ್ಳೆಯ ಹುಳವೇ, ಆದರೆ ಇದು ಬೇರೆ ಇಲಾಖೆ ಎಂದು ಸಮಾಧಾನ ಮಾಡಿ ಕಳಿಸಿದರು. ಐದು ಡಬ್ಬಗಳಲ್ಲಿ ಚಿಟ್ಟೆ ಸಿಕ್ಕಿತು. ಅವನ್ನು ತಂದ ಐವರ ಮುಖ ಆ ದಿನವೆಲ್ಲ ಬೆಳಗುತ್ತಿತ್ತು.

ಅಂದು ಮಧ್ಯಾಹ್ನ ಮನೆಯಲ್ಲಿ ಹೊಸ ಅಕ್ಕಿಯ ಅನ್ನವಾಯಿತು. ಮಾವ ಮೂರು ಸಲ ಬಡಿಸಿಕೊಂಡರು. ಮೊಣಕಾಲಿಗಾಗಿ ನಾಲ್ಕನೆಯದನ್ನು ಬಿಟ್ಟರು.

ಹತ್ತನೆಯ ವಾರ ಛಾವಣಿ ಮುಗಿಯಲಿಲ್ಲ. ಅಂಥ ಕೆಲಸಗಳು ಹೇಳಿದ ದಿನಕ್ಕೆ ಎಲ್ಲಿ ಮುಗಿಯುತ್ತವೆ? ಆದರೆ ಕಾರ್ಡುಗಳು ಹೊಲ ಸೇರಿದವು. ಮೂವತ್ತೆರಡು ಮಂದಿ ರೈತರಲ್ಲಿ ಇಬ್ಬರು ಧೈರ್ಯ ಸಾಲದೆ ಔಷಧಿ ಹೊಡೆದುಬಿಟ್ಟರು. ಮಿಕ್ಕವರ ಹೊಲದಲ್ಲಿ, ಕಂಡಕ್ಟರರ ಪಂಚಿನ ತೂತಿಗೆ ದಾರ ಪೋಣಿಸಿ ಎಲೆಗಳ ಕೆಳಗೆ ಕಟ್ಟಿದ ಕಾರ್ಡುಗಳು ಗಾಳಿಗೆ ಅಲುಗಿದವು. ಎರಡು ವಾರ ಬಿಟ್ಟು ಸೊಸೆ ಅತ್ತೆಯನ್ನು ಕರೆದುಕೊಂಡು ಹೋದಳು. ಒಂದು ಎಲೆ ಮಗುಚಿ, ಭೂತಗನ್ನಡಿ ಹಿಡಿದು, ಕಾಯಿಕೊರಕದ ಮೊಟ್ಟೆ ತೋರಿಸಿದಳು. ಹತ್ತರಲ್ಲಿ ಏಳು ಕಪ್ಪಾಗಿದ್ದವು. ಅತ್ತೆ ಬಹಳ ಹೊತ್ತು ಬಗ್ಗಿ ನೋಡಿದರು. ಹೊಲದವನು, ಅಮ್ಮನವರೂ ಇದೇ ಇಲಾಖೆಯವರೋ ಎಂದು ಕೇಳಿದ. ಅತ್ತೆ ಇಲ್ಲವೆನ್ನಲಿಲ್ಲ.

ಕೋಣೆಯ ಛಾವಣಿ ಕೊನೆಗೂ ಮುಗಿದು ಟ್ರೇಗಳು ಕೇಂದ್ರಕ್ಕೆ ಮರಳಿದ ದಿನ ಅತ್ತೆ ಮನೆಯನ್ನು ನೆಲದಿಂದ ಸೂರಿನವರೆಗೆ ತೊಳೆದರು. ಆ ಡಬ್ಬವನ್ನು ಬೂದಿ ಹಾಕಿ ಮೂರು ಸಲ ಉಜ್ಜಿ, ಬಿಸಿಲಿಗಿಟ್ಟು, ಹೊಸ ಅಕ್ಕಿ ತುಂಬಿದರು. ಹಳೆಯ ಅಕ್ಕಿಯಲ್ಲಿ ಒಂದು ಹಿಡಿಯನ್ನು ಮಾತ್ರ, ಯಾರೂ ನೋಡದಾಗ, ಪುಟ್ಟ ಮಡಕೆಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ, ಹಿಂದಿನ ಕೋಣೆಯ ಗೂಡಿನಲ್ಲಿಟ್ಟರು. ಸೊಸೆ ಅದನ್ನು ಕಂಡಳು. ಕಂಡೆನೆಂದು ಹೇಳಲಿಲ್ಲ.

ಮಳೆಗಾಲದಲ್ಲಿ ಬೀದಿಗೆ ಹೊಸದಾಗಿ ಬಂದ ಮನೆಯವಳು ಒಂದು ದಿನ ಜರಡಿ ಕೇಳಲು ಬಂದು, ಉಗ್ರಾಣ ನೋಡಿ ಬೆರಗಾಗಿ, ನಿಮ್ಮ ಮನೆಯಲ್ಲಿ ಹುಳವೇ ಬೀಳುವುದಿಲ್ಲವಂತೆ ಹೌದೇ ಎಂದು ಕೇಳಿದಳು. ಟಪಾಲು ಅಲ್ಲೇ ಕೂತು ಬೇಳೆ ಆರಿಸುತ್ತಿದ್ದಳು. ಅತ್ತೆಯ ಮುಖವನ್ನೇ ನೋಡಿದಳು.

ಅತ್ತೆ ಜರಡಿಯನ್ನು ಗೋಡೆಗೆ ಎರಡು ಸಲ ಬಡಿದು, ಬೆಳಕಿಗೆ ಹಿಡಿದು ಒಂದೊಂದು ಕಣ್ಣನ್ನೂ ನೋಡಿ, ಅವಳ ಕೈಗೆ ಕೊಟ್ಟರು.

“ಬೀಳಲ್ಲಮ್ಮ” ಎಂದರು. “ನಾವೇ ಸಾಕ್ತೀವಿ.”